ಬಾಕಿ ಇರುವವರ ಹಾಜರಿ

ಹಿಂದಿನ ಸಂಚಿಕೆಯಲ್ಲಿ ಓದುಗರೊಬ್ಬರು, ಸೇನೆಯಲ್ಲಿದ್ದಾಗ ನೀವು ಕಂಡ ಅತ್ಯಂತ ಧೈರ್ಯವಂತ ಯಾರು ಎಂದು ಕೇಳಿದ್ದರು. ಲೆಬನಾನಿನ ಒಂದು ಹಳ್ಳಿಯ ಮಾರೋನೈಟ್ ಪಾದ್ರಿ ಎಂದು ಎರಡೇ ಸಾಲಿನ ಉತ್ತರ ಕೊಟ್ಟಿದ್ದೆ. ಬಾಂಬು ಬೀಳುವಾಗಲೂ ಅವರು ಊರು ಬಿಡಲಿಲ್ಲ, ಅವರ ಹೆಂಡತಿ ಸುಟ್ಟುಕೊಟ್ಟ ರೊಟ್ಟಿ ತಿಂದ ಋಣ ನನ್ನ ಮೇಲಿದೆ ಎಂದಷ್ಟೇ ಬರೆದಿದ್ದೆ. ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಆ ಪಾದ್ರಿಯವರ ಬಗ್ಗೆಯೇ ಇವೆ. ಪಿಂಚಣಿ, ಸೇನಾ ಭರ್ತಿ, ಮಂಡಿನೋವಿನ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು ಇಡೀ ಪುಟವನ್ನು ಅವರಿಗೇ ಕೊಡುತ್ತಿದ್ದೇನೆ.

ಹೊಸ ಓದುಗರಿಗೆ ಒಂದು ಮಾತು. ನಾನು ಸೇನಾ ವೈದ್ಯಕೀಯ ದಳದಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದು, ಹವಾಲ್ದಾರನಾಗಿ ನಿವೃತ್ತನಾದವನು. 2006ರಲ್ಲಿ ದಕ್ಷಿಣ ಲೆಬನಾನಿನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಭಾರತೀಯ ಬೆಟಾಲಿಯನ್ ಜೊತೆಗಿದ್ದೆ. ಈಗ ಕುಷ್ಟಗಿಯಲ್ಲಿ ಮಗನ ಔಷಧ ಅಂಗಡಿಯಲ್ಲಿ ಕೂರುತ್ತೇನೆ.

ಪ್ರಶ್ನೆ: ಮಾರೋನೈಟರು ಎಂದರೆ ಯಾರು? ಅವರು ಕ್ಯಾಥೊಲಿಕರು ಎಂದು ಓದಿದೆ. ನೀವು ನೋಡಿದರೆ ಪಾದ್ರಿಗೆ ಹೆಂಡತಿ ಇದ್ದರು ಎಂದು ಬರೆದಿದ್ದೀರಿ. ಇದು ಹೇಗೆ?
— ಪದವಿ ವಿದ್ಯಾರ್ಥಿನಿ, ಗಂಗಾವತಿ

ಎರಡೂ ನಿಜ ತಂಗಿ. ನಮ್ಮ ಭಾಗದವರಿಗೆ ಇದನ್ನು ತಿಳಿಸಿ ಹೇಳುವುದು ಕಷ್ಟವಲ್ಲ. ಮಠದ ಪಟ್ಟಕ್ಕೇರುವ ವಿರಕ್ತ ಸ್ವಾಮಿಗಳು ಬೇರೆ. ಮಗುವಿಗೆ ಲಿಂಗ ಕಟ್ಟುವುದಕ್ಕೂ ಮದುವೆಗೂ ಸತ್ತಾಗಿನ ಕ್ರಿಯೆಗೂ ಬರುವ, ಹೆಂಡತಿ ಮಕ್ಕಳು ಹೊಲಮನೆ ಇರುವ ಊರಿನ ಅಯ್ಯನವರು ಬೇರೆ. ಮಾರೋನೈಟರಲ್ಲಿಯೂ ಹಾಗೆ. ಧರ್ಮಾಧ್ಯಕ್ಷರಾಗುವವರು, ಅಂದರೆ ಬಿಷಪ್ಪರು, ಬ್ರಹ್ಮಚಾರಿಗಳೇ ಆಗಿರಬೇಕು. ಹಳ್ಳಿಯ ಪಾದ್ರಿಯಾಗುವವನು ಮಾತ್ರ ದೀಕ್ಷೆಗೆ ಮೊದಲೇ ಮದುವೆಯಾಗಿದ್ದರೆ ಅಡ್ಡಿಯಿಲ್ಲ. ದೀಕ್ಷೆಯ ನಂತರ ಮದುವೆಯಾಗುವಂತಿಲ್ಲ. ಇಂಥ ಊರ ಪಾದ್ರಿಯನ್ನು ಅಲ್ಲಿ ‘ಖೂರಿ’ ಎನ್ನುತ್ತಾರೆ. ಲೆಬನಾನಿನಲ್ಲಿ ಖೂರಿ ಎಂಬ ಅಡ್ಡಹೆಸರು ನಮ್ಮಲ್ಲಿ ಹಿರೇಮಠ ಇದ್ದಂತೆ, ಎಲ್ಲಿ ಹೋದರೂ ಸಿಗುತ್ತದೆ. ಎದುರಿಗೆ ಕರೆಯುವುದು ‘ಅಬೂನಾ’ ಎಂದು. ಹಾಗೆಂದರೆ ‘ನಮ್ಮಪ್ಪ’.

ಸಂತ ಮಾರೋನ್ ಸಿರಿಯಾದ ಬೆಟ್ಟವೊಂದರ ಮೇಲೆ ಬಯಲಲ್ಲಿಯೇ ತಪಸ್ಸಿಗೆ ಕುಳಿತಿದ್ದ ವಿರಕ್ತ. ಸುಮಾರು ಕ್ರಿ.ಶ. 410ರಲ್ಲಿ ತೀರಿಕೊಂಡರು. ಅವರ ದಾರಿ ಹಿಡಿದವರು ಮುಂದೆ ಲೆಬನಾನಿನ ಬೆಟ್ಟಗಳಿಗೆ ಬಂದು ನೆಲೆಸಿದರು. ಉತ್ತರದ ಕಾದಿಶಾ ಕಣಿವೆಯ ಬಂಡೆಗಳಲ್ಲಿ ಅವರ ಗುಹೆಗಳೂ ಮಠಗಳೂ ಈಗಲೂ ಇವೆ. ರೋಮಿನ ಪೋಪರನ್ನು ಒಪ್ಪುತ್ತಾರೆ. ಆದರೆ ಅವರಿಗೆ ತಮ್ಮದೇ ಪಾತ್ರಿಯಾರ್ಕ್, ಅಂದರೆ ಪಂಗಡದ ಹಿರಿಯ ಗುರು, ಇದ್ದಾರೆ. ಅವರ ಪೀಠ ಬೈರೂತಿನ ಉತ್ತರಕ್ಕೆ ಬ್ಕೆರ್ಕೆ ಎಂಬಲ್ಲಿದೆ. ಪೂಜೆ ಈಗ ಹೆಚ್ಚಾಗಿ ಅರಬಿಯಲ್ಲಿ ನಡೆದರೂ ಅದರ ಮುಖ್ಯ ಮಾತುಗಳನ್ನು ಸುರಿಯಾನಿಯಲ್ಲಿಯೇ ಹೇಳುತ್ತಾರೆ. ಏಸುವಿನ ಮನೆಮಾತಾಗಿದ್ದ ಅರಾಮಿಕ್‌ಗೆ ಅದು ತೀರ ಹತ್ತಿರದ ಭಾಷೆ. 1943ರ ಒಪ್ಪಂದದಂತೆ ಆ ದೇಶದ ಅಧ್ಯಕ್ಷ ಮಾರೋನೈಟ್, ಪ್ರಧಾನಿ ಸುನ್ನಿ, ಸಂಸತ್ತಿನ ಸ್ಪೀಕರ್ ಶಿಯಾ.

ಪ್ರಶ್ನೆ: ಪಾದ್ರಿ ಊರು ಬಿಡಲಿಲ್ಲ ಎಂದಿರಿ. ಉಳಿದು ಮಾಡಿದ್ದೇನು? ಪ್ರಾರ್ಥನೆಯನ್ನು ಬೈರೂತಿನಲ್ಲಿ ಕುಳಿತೂ ಮಾಡಬಹುದಿತ್ತಲ್ಲವೇ?
— ನಿವೃತ್ತ ಶಿಕ್ಷಕ, ಕುಕನೂರು

ಮಾಸ್ತರರೇ, ಇದೇ ಪ್ರಶ್ನೆ ನನ್ನ ತಲೆಯಲ್ಲಿಯೂ ಇತ್ತು. ಬಾಯಿಬಿಟ್ಟು ಕೇಳುವ ಮೊದಲೇ ಅವರ ಕೆಲಸ ಕಣ್ಣಿಗೆ ಬಿತ್ತು.

ನಮ್ಮ ಬೆಟಾಲಿಯನ್ನಿನ ಠಾಣೆ ಇಬ್ಲ್ ಅಸ್ಸಾಕಿ ಎಂಬ ಊರಿನ ಪಕ್ಕದಲ್ಲಿತ್ತು. ಎದುರಿಗೆ ಹೆರ್ಮೋನ್ ಪರ್ವತ, ಸುತ್ತ ಆಲಿವ್ ತೋಟಗಳು. ಕ್ರೈಸ್ತರು, ದ್ರೂಸರು (ಶಿಯಾ ಇಸ್ಲಾಮಿನಿಂದ ಹಿಂದೆ ಕವಲೊಡೆದ ಪಂಗಡ), ಶಿಯಾಗಳು, ಸುನ್ನಿಗಳು ಒಂದೊಂದು ದಿಬ್ಬದ ಮೇಲೆ ಒಂದೊಂದು ಊರು ಕಟ್ಟಿಕೊಂಡಿರುವ ಸೀಮೆ ಅದು. ಯುದ್ಧಕ್ಕೆ ಮೊದಲು ವಾರಕ್ಕೊಮ್ಮೆ ನಾವು ಆ ಮಾರೋನೈಟ್ ಹಳ್ಳಿಗೆ ಹೋಗಿ ಔಷಧ ಕೊಟ್ಟು ಬರುತ್ತಿದ್ದೆವು. ನಮ್ಮ ಪಶುವೈದ್ಯರು ಬಂದರೆ ಜನ ಮೇಕೆಗಳ ಕೊರಳ ಹಗ್ಗ ಹಿಡಿದು ಸಾಲುಗಟ್ಟುತ್ತಿದ್ದರು. ಊರಿನ ಹೆಸರು ಬರೆಯುವುದಿಲ್ಲ. ಆ ಜನ ಇನ್ನೂ ಗಡಿಯಲ್ಲಿಯೇ ಬದುಕಬೇಕಾದವರು.

2006ರ ಜುಲೈ 12ರಂದು ಲೆಬನಾನಿನ ಶಿಯಾ ಸಶಸ್ತ್ರ ಸಂಘಟನೆ ಹಿಜ್ಬುಲ್ಲಾ ಗಡಿ ದಾಟಿ ಇಬ್ಬರು ಇಸ್ರೇಲಿ ಸೈನಿಕರನ್ನು ಹಿಡಿದೊಯ್ದಿತು. ಅಂದೇ ಯುದ್ಧ ಹೊತ್ತಿಕೊಂಡಿತು. 34 ದಿನ ನಡೆಯಿತು. ಲೆಬನಾನಿನಲ್ಲಿ ಸಾವಿರದ ನೂರಕ್ಕೂ ಹೆಚ್ಚು, ಇಸ್ರೇಲಿನಲ್ಲಿ ಸುಮಾರು 160 ಜನ ಸತ್ತರು. ಲಿತಾನಿ ನದಿಯ ಸೇತುವೆಗಳು ಮುರಿದವು, ಕರೆಂಟ್ ಹೋಯಿತು, ಪಂಪು ನಿಂತು ನಲ್ಲಿ ಒಣಗಿತು. ಜುಲೈ 25ರಂದು ಕಣ್ಣಳತೆಯಲ್ಲಿದ್ದ ಖಿಯಾಮ್ ಊರಿನ ವಿಶ್ವಸಂಸ್ಥೆಯ ವೀಕ್ಷಣಾ ಠಾಣೆಗೇ ಬಾಂಬು ಬಿದ್ದು ನಾಲ್ವರು ವೀಕ್ಷಕರು ಸತ್ತರು. ನೀಲಿ ಹೆಲ್ಮೆಟ್ಟಿಗೂ ರಕ್ಷಣೆಯಿಲ್ಲ ಎಂದು ಅಂದು ನಮಗೆಲ್ಲ ಗೊತ್ತಾಯಿತು. ಎರಡೂ ಕಡೆಯವರಿಗೆ ತಿಳಿಸಿ ಒಪ್ಪಿಗೆ ಬರುವ ತನಕ ನಮ್ಮ ಬಿಳಿ ಗಾಡಿಗಳು ಗೇಟು ದಾಟುವಂತಿರಲಿಲ್ಲ. ಹೀಗಾಗಿ ಆ 34 ದಿನಗಳಲ್ಲಿ ನಾನು ಆ ಹಳ್ಳಿ ಮುಟ್ಟಿದ್ದು ನಾಲ್ಕೇ ಸಲ.

ಮೊದಲ ಸಲ ಹೋದಾಗ ಅಬೂನಾ ಇಗರ್ಜಿಯಲ್ಲಿರಲಿಲ್ಲ. ಒಂದು ಮನೆಯ ನೆಲಮಾಳಿಗೆಯಿಂದ ಮೇಲೆ ಬರುತ್ತಿದ್ದರು. ಅರವತ್ತು ದಾಟಿದ ಮನುಷ್ಯ, ಆಲಿವ್ ಬೆಳೆಗಾರನ ಒರಟು ಕೈಗಳು, ಕಪ್ಪು ನಿಲುವಂಗಿಯ ಅಂಚಿಗೆ ಸುಣ್ಣದ ಧೂಳು ಮೆತ್ತಿಕೊಂಡಿತ್ತು. ಕಂಕುಳಲ್ಲಿ ಶಾಲಾ ಮಕ್ಕಳ ಚೌಕುಳಿ ಗೆರೆಯ ನೋಟುಬುಕ್ಕು. ಅದರ ಬೆನ್ನಿಗೆ ದಾರ ಕಟ್ಟಿ, ದಾರಕ್ಕೆ ಒಂದು ಮೋಟು ಪೆನ್ಸಿಲ್ಲು.

ಆ ಪುಸ್ತಕವೇ ಅವರ ಯುದ್ಧಕಾಲದ ಕೆಲಸ. ಬಲದಿಂದ ಎಡಕ್ಕೆ ನಾಲ್ಕು ಕಲಮು ಎಳೆದಿದ್ದರು. ಮನುಷ್ಯನ ಹೆಸರು, ಅವನು ಇಂದು ಮಲಗುವುದು ಯಾರ ನೆಲಮಾಳಿಗೆಯಲ್ಲಿ, ಅವನಿಗೆ ಬೇಕಾದ ಔಷಧ, ಕೊನೆಯದರಲ್ಲಿ ದಿನಕ್ಕೊಂದು ಗೀಟು. ಬೆಳಗಾದ ಕೂಡಲೇ ಇಗರ್ಜಿಯ ಗಂಟೆಯನ್ನು ಮೂರು ಸಲ ಬಡಿಯುತ್ತಿದ್ದರು. ನಾನಿದ್ದೇನೆ, ಬರುತ್ತಿದ್ದೇನೆ ಎಂಬುದಕ್ಕೆ ಅದು ಸೂಚನೆ. ಆಮೇಲೆ ಗೋಡೆಯ ಮರೆ ಹಿಡಿದು ಮನೆಮನೆಗೆ ಹೋಗಿ, ಮೆಟ್ಟಿಲ ಬಾಯಲ್ಲಿ ನಿಂತು ಹೆಸರು ಕೂಗಿ, ಒಳಗಿನಿಂದ ಓಗೊಟ್ಟ ಮೇಲೆ ಗೀಟು ಹಾಕುವರು. ಖಿಯಾಮಿನಿಂದ ಓಡಿಬಂದ ಎರಡು ಶಿಯಾ ಕುಟುಂಬಗಳು ಶಾಲೆಯಲ್ಲಿದ್ದವು. ಅವರ ಹೆಸರುಗಳೂ ಅದೇ ಪುಟದಲ್ಲಿ, ಅದೇ ಪೆನ್ಸಿಲ್ಲಿನಲ್ಲಿ ಇದ್ದವು.

ಒಂದು ದಿನ ಆ ಪಟ್ಟಿಯ ತಲೆಬರಹದ ಮೇಲೆ ಬೆರಳಿಟ್ಟು ಇದೇನು ಎಂದು ಕೇಳಿದೆ. ‘ಬಾಕೂನ್’ ಎಂದರು. ಉಳಿದವರು ಎಂದು ಅರ್ಥ. ನನ್ನ ಮೈ ಜುಮ್ಮೆಂದಿತು. ನಮ್ಮೂರ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಎಷ್ಟು ಸಲ ಓದಿದ ಮಾತು! ನಾವು ಹೇಳುವ ಬಾಕಿ ಅದೇ ಬಾಕಿ. ನಾವು ಬರೆಯುವ ಹಾಜರಿಯ ಬೇರೂ ಅರಬಿಯೇ. ‘ಹಾಜರಿ’ ಎಂದು ನಾನು ಹೇಳಿದೆ. ಅವರಿಗೆ ಅರ್ಥವಾಗಿ ನಕ್ಕರು. ನಿಜಾಮನ ಕಾಲದ ಕಚೇರಿಯಿಂದ ನಮ್ಮ ಹಳ್ಳಿಗಳಿಗೆ ಬಂದ ಎರಡು ಪದಗಳು ಅಲ್ಲಿ ನಮ್ಮಿಬ್ಬರಿಗೂ ಭಾಷೆಯಾದವು. ಉಳಿದದ್ದಕ್ಕೆ ಅವರ ಫ್ರೆಂಚ್ ಬೆರೆತ ಇಂಗ್ಲಿಷು, ನನ್ನ ಕೈಸನ್ನೆ.

ಔಷಧದ ಕಲಮಿನಲ್ಲಿ ನಾನೊಂದು ತಪ್ಪು ಮಾಡುವುದರಲ್ಲಿದ್ದೆ. ಸಕ್ಕರೆ ಕಾಯಿಲೆಯ ಅಜ್ಜಿಯ ಹೆಸರಿನ ಮುಂದೆ ಇನ್ಸುಲಿನ್ ಪ್ರಮಾಣವನ್ನು ಅರಬಿ ಅಂಕಿಯಲ್ಲಿ ಬರೆದಿತ್ತು. ಒಂದರ ಪಕ್ಕ ಸೊನ್ನೆ ಕಂಡು ಹತ್ತು ಯೂನಿಟ್ ಎಂದುಕೊಂಡು ಸಿರಿಂಜಿಗೆ ಎಳೆದೆ. ಖೂರಿಯ ಹೆಂಡತಿ ನನ್ನ ಮಣಿಕಟ್ಟು ಹಿಡಿದರು. ಅವರ ಬರಹದಲ್ಲಿ ಐದು ನಮ್ಮ ಸೊನ್ನೆಯಂತೆ ದುಂಡಗಿರುತ್ತದೆ, ಸೊನ್ನೆ ಬರಿಯ ಚುಕ್ಕೆ. ಅದು ಹದಿನೈದು! ಅಂದಿನಿಂದ ನಾನು ಅಂಕಿಯನ್ನು ಬಾಯಲ್ಲಿ ಹೇಳಿಸಿಕೊಳ್ಳದೆ ಯಾರಿಗೂ ಸೂಜಿ ಚುಚ್ಚಿಲ್ಲ.

ಆ ಇನ್ಸುಲಿನ್ನನ್ನು ಕರೆಂಟಿಲ್ಲದೆ ಕಾಪಾಡುವುದೇ ದೊಡ್ಡ ಚಿಂತೆಯಾಗಿತ್ತು. ನಮ್ಮವ್ವ ಬೇಸಿಗೆಯಲ್ಲಿ ನೀರಿನ ಹರವಿಯನ್ನು ಒದ್ದೆ ಮರಳಿನಲ್ಲಿ ಹುದುಗಿಸಿ ಇಡುತ್ತಿದ್ದುದು ನೆನಪಾಯಿತು. ಅವರ ಮನೆಯ ಎರಡು ಮಣ್ಣಿನ ಪಾತ್ರೆ ತರಿಸಿ, ದೊಡ್ಡದರೊಳಗೆ ಚಿಕ್ಕದನ್ನು ಇಟ್ಟು, ನಡುವೆ ಮರಳು ತುಂಬಿ ನೀರು ಹನಿಸಿ, ಮೇಲೆ ಒದ್ದೆ ಗೋಣಿ ಮುಚ್ಚಿದೆವು. ನೀರು ಅಪರೂಪವಾಗಿದ್ದ ಊರಿನಲ್ಲಿ ದಿನಕ್ಕೆ ಎರಡು ತಂಬಿಗೆ ನೀರು ಆ ಮರಳಿಗೆ ಮೀಸಲಾಯಿತು. ಅಬೂನಾ ಪುಸ್ತಕದಲ್ಲಿ ಆ ಮಡಕೆಗೂ ಒಂದು ಸಾಲು ಕೊಟ್ಟು, ನೀರು ಹಾಕಿದ ಮೇಲೆ ಗೀಟು ಹಾಕುತ್ತಿದ್ದರು. (ಇನ್ಸುಲಿನ್ ಬಳಸುವ ಓದುಗರೇ, ಏಪ್ರಿಲ್ ಮೇ ತಿಂಗಳಲ್ಲಿ ಕರೆಂಟ್ ದಿನಗಟ್ಟಲೆ ಹೋದರೆ ನೀವೂ ಹೀಗೆ ಮಾಡಬಹುದು. ಬಾಟಲಿಯನ್ನು ನೀರು ತಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ.)

ರೊಟ್ಟಿಯ ವಿಷಯ ಹಲವರು ಕೇಳಿದ್ದೀರಿ. ಬೆಳಗಾವಿ ಕಡೆ ಬೋರಲು ಮಡಕೆಯ ಮೇಲೆ ಮಂಡಿಗೆ ಬೇಯಿಸುವುದನ್ನು ನೋಡಿದ್ದರೆ ಅದು ನಿಮಗೆ ಹೊಸದಲ್ಲ. ‘ಸಾಜ್’ ಎಂಬ ಉಬ್ಬು ಹೆಂಚಿನ ಮೇಲೆ ಹಿಟ್ಟನ್ನು ತೆಳ್ಳಗೆ ಹರಡಿ ಸುಡುತ್ತಾರೆ. ಖೂರಿಯ ಹೆಂಡತಿ ಇಗರ್ಜಿಯ ಹಿಂದಿನ ದನದ ಕೊಟ್ಟಿಗೆಯಲ್ಲಿ, ಹೊಗೆ ಮೇಲಿನಿಂದ ಕಾಣಬಾರದೆಂದು, ಬೆಳಕು ಹರಿಯುವ ಮುನ್ನವೇ ಸುಟ್ಟು ಮುಗಿಸುತ್ತಿದ್ದರು. ಪಟ್ಟಿಯಲ್ಲಿ ಎಷ್ಟು ಹೆಸರೋ ಅಷ್ಟು ರೊಟ್ಟಿ. ನನಗೆ ಕೊಟ್ಟದ್ದು ಅವರ ಪಾಲಿನದು ಎಂದು ತಿಳಿದದ್ದು ತಿಂದ ಮೇಲೆ.

ಬೈರೂತಿನಲ್ಲಿ ಕುಳಿತು ಈ ಗೀಟು ಹಾಕಲು ಆಗುತ್ತಿತ್ತೇ ಮಾಸ್ತರರೇ?

ಪ್ರಶ್ನೆ: ನಾವು ಮುದಗಲ್ಲಿನ ಕ್ಯಾಥೊಲಿಕರು. ಯುದ್ಧದ ನಡುವೆ ಅಲ್ಲಿ ಬಲಿಪೂಜೆ ನಡೆಯುತ್ತಿತ್ತೇ? ನಮ್ಮ ಪೂಜೆಗಿಂತ ಏನಾದರೂ ಬೇರೆ ಕಂಡಿರಾ?
— ಗೃಹಿಣಿ, ಮುದಗಲ್

ಅಕ್ಕ, ಆದಿಲ್‌ಶಾಹಿಗಳ ಕಾಲದಿಂದ ಕ್ರೈಸ್ತರು ಬಾಳಿದ ಊರಿನವರು ನೀವು. ನಾನು ಲಿಂಗ ಕಟ್ಟಿಕೊಂಡವನು. ಕಂಡಷ್ಟನ್ನು ಹೇಳುತ್ತೇನೆ.

ಒಂದು ಭಾನುವಾರ ಪೂಜೆ ನೆಲಮಾಳಿಗೆಯಲ್ಲಿ ನಡೆಯುತ್ತಿದ್ದಾಗ ನಾನು ಮೆಟ್ಟಿಲ ಮೇಲೆ ಕುಳಿತಿದ್ದೆ. ಆಲಿವ್ ಎಣ್ಣೆಯ ಡಬ್ಬಗಳ ಮೇಲೆ ಹಲಗೆ, ಹಲಗೆಯ ಮೇಲೆ ಬಿಳಿ ಬಟ್ಟೆ, ಅದೇ ಪೀಠ. ನಡುವೆ ಶಾಂತಿ ಹಂಚುವ ಒಂದು ಕ್ರಮವಿದೆ. ಪಾದ್ರಿ ಮೊದಲು ಪೀಠವನ್ನು ಮುಟ್ಟುತ್ತಾರೆ. ಆಮೇಲೆ ಅಂಗೈ ಜೋಡಿಸಿ ಪಕ್ಕದವನ ಕೈಗೆ ಕೊಡುತ್ತಾರೆ. ಅವನು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ. ಒಬ್ಬರ ಜೋಡಿಸಿದ ಕೈಗಳನ್ನು ಇನ್ನೊಬ್ಬರು ಎರಡೂ ಅಂಗೈಗಳ ನಡುವೆ ತೆಗೆದುಕೊಂಡು ಮುಂದೆ ದಾಟಿಸುತ್ತಾರೆ. ಪೀಠದಿಂದ ಹೊರಟ ಶಾಂತಿ ಹಾಗೆ ಕೈಯಿಂದ ಕೈಗೆ ಸಾಗಿ ಕೊನೆಯ ಮನುಷ್ಯನವರೆಗೆ ಹೋಗುತ್ತದೆ. ಆ ದಿನ ಕೊನೆಯಲ್ಲಿ ಕುಳಿತಿದ್ದವರು ಖಿಯಾಮಿನ ಶಿಯಾ ಮುದುಕಿ. ಬಾಂಬಿಗೆ ಹೆದರಿ ಅಲ್ಲಿಯೇ ಒರಗಿದ್ದರು. ಪಕ್ಕದ ಹುಡುಗಿ ಕೈ ಚಾಚಲೋ ಬೇಡವೋ ಎಂದು ಅನುಮಾನಿಸಿ ಅಬೂನಾರ ಕಡೆ ನೋಡಿದಳು. ಅವರು ತಲೆಯಾಡಿಸಿದರು. ಮುದುಕಿ ಆ ಕೈಗಳನ್ನು ತೆಗೆದುಕೊಂಡು, ಬಲಗೈಯನ್ನು ಎದೆಗೆ ಒತ್ತಿ, ಆಮೇಲೆ ಮೆಟ್ಟಿಲ ಮೇಲಿದ್ದ ನನ್ನತ್ತ ಚಾಚಿದರು. ನಿಮ್ಮೂರಿನಲ್ಲಿ ಮೊಹರಂ ಅಲಾಯಿಯ ಮುಂದೆ ಯಾರು ಯಾವ ಜಾತಿ ಎಂದು ಕೇಳದೆ ಹೆಜ್ಜೆ ಹಾಕುತ್ತಾರಲ್ಲ, ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪ್ರಶ್ನೆ: ಮಾರೋನೈಟರು ಬರೀ ಸಂತ್ರಸ್ತರು ಎನ್ನುವಂತೆ ಬರೆಯಬೇಡಿ. ಲೆಬನಾನಿನ ಅಂತರ್ಯುದ್ಧದಲ್ಲಿ ಅವರ ಸೇನೆಗಳು ಮಾಡಿದ್ದನ್ನೂ ಹೇಳುವ ಧೈರ್ಯ ಇದೆಯೇ?
— ವಕೀಲ, ಬಳ್ಳಾರಿ

ಹೇಳಬೇಕಾದದ್ದೇ. 1975ರಿಂದ 1990ರವರೆಗೆ ನಡೆದ ಆ ಯುದ್ಧದಲ್ಲಿ ಸುಮಾರು ಒಂದೂವರೆ ಲಕ್ಷ ಜನ ಸತ್ತರು ಎಂದು ಲೆಕ್ಕ. 1976ರ ಜನವರಿಯಲ್ಲಿ ಕ್ರೈಸ್ತ ಪಡೆಗಳು ಬೈರೂತಿನ ಕರಂತೀನಾ ಬಡಾವಣೆಯಲ್ಲಿ ನರಮೇಧ ನಡೆಸಿದವು. ಅದೇ ತಿಂಗಳು ದಾಮೂರ್ ಎಂಬ ಮಾರೋನೈಟ್ ಊರನ್ನು ಎದುರಾಳಿಗಳು ಕೊಚ್ಚಿಹಾಕಿದರು. 1982ರ ಸೆಪ್ಟೆಂಬರಿನಲ್ಲಿ ಸಬ್ರಾ ಮತ್ತು ಶತಿಲಾದ ಪ್ಯಾಲೆಸ್ತೀನಿ ನಿರಾಶ್ರಿತರನ್ನು, ಇಸ್ರೇಲಿ ಸೇನೆ ಸುತ್ತುವರಿದು ನಿಂತಿರುವಾಗ, ಕೊಂದವರು ಮಾರೋನೈಟರೇ ಹೆಚ್ಚಾಗಿದ್ದ ಫಲಾಂಜ್ ಪಡೆಯವರು. 1983ರಲ್ಲಿ ಷೂಫ್ ಬೆಟ್ಟಗಳಲ್ಲಿ ದ್ರೂಸರ ಜೊತೆ ಕಾದಾಡಿ ಅಲ್ಲಿನ ಮಾರೋನೈಟ್ ಹಳ್ಳಿಗಳು ಬರಿದಾದವು. 2001ರಲ್ಲಿ ಪಾತ್ರಿಯಾರ್ಕ್ ಸ್ಫೇರ್ ಆ ಬೆಟ್ಟಕ್ಕೆ ಹೋಗಿ ದ್ರೂಸ್ ನಾಯಕರನ್ನು ಕಂಡು ರಾಜಿಯ ದಾರಿ ತೆರೆದರು. ಪಂಗಡದ ಹೆಸರಿನಲ್ಲಿ ಬಂದೂಕು ಎತ್ತಿದವರ ಬೆನ್ನಿಗೆ ನಿಂತ ಮಠದವರೂ ಇದ್ದರು, ಕೊಲ್ಲಬೇಡಿ ಎಂದು ಅಂಗಲಾಚಿದ ಪಾದ್ರಿಗಳೂ ಇದ್ದರು.

ಅಬೂನಾರ ಮನೆಯ ಗೋಡೆಯ ಮೇಲೆ ಸಮವಸ್ತ್ರ ತೊಟ್ಟ ಎಳೆಯ ಹುಡುಗನ ಫೋಟೋ ಇತ್ತು. ಅವರ ತಮ್ಮ, ಆ ಯುದ್ಧದಲ್ಲಿ ಸತ್ತವನು. ಅವನ ಕೈಯಿಂದ ಯಾರು ಸತ್ತರೋ ನನಗೆ ಗೊತ್ತಿಲ್ಲ, ಅವರಿಗೂ ಸೇರಿಸಿಯೇ ಪೂಜೆ ಮಾಡುತ್ತೇನೆ ಎಂದು ಅವರು ಒಮ್ಮೆ ಹೇಳಿದರು. ಶಾಲೆಯಲ್ಲಿದ್ದ ಶಿಯಾ ಮಕ್ಕಳಿಗೆ ರೊಟ್ಟಿಯ ಬುಟ್ಟಿ ಹೊತ್ತೊಯ್ಯುವಾಗ ಅವರ ಮನಸ್ಸಿನಲ್ಲಿ ಏನಿತ್ತೋ, ನಾನು ಕೇಳಲಿಲ್ಲ. ಅವರು ಒಬ್ಬರೇ ಹೀಗೆ ಎಂದೂ ತಿಳಿಯಬೇಡಿ. ಗಡಿಯಿಂದ ಎರಡೇ ಕಿಲೋಮೀಟರ್ ದೂರದ ರ್ಮೈಷ್ ಎಂಬ ಮಾರೋನೈಟ್ ಊರು ಅದೇ ಜುಲೈನಲ್ಲಿ ಸುತ್ತಲಿನ ಶಿಯಾ ಹಳ್ಳಿಗಳಿಂದ ಓಡಿಬಂದ ಸಾವಿರಾರು ಜನರಿಗೆ ಮನೆ, ಶಾಲೆ, ಇಗರ್ಜಿಗಳ ಬಾಗಿಲು ತೆರೆಯಿತು. ಕುಡಿಯುವ ನೀರು ಮುಗಿದು ಊರ ಹೊಂಡದ ಪಾಚಿಗಟ್ಟಿದ ನೀರನ್ನು ಎಲ್ಲರೂ ಕುಡಿದರು.

ಬಳ್ಳಾರಿಯವರಾದ ನಿಮಗೆ ಇನ್ನೊಂದು ಸಂಗತಿ ಹೇಳಬೇಕು. 1876ರಿಂದ 78ರ ಧಾತು ಈಶ್ವರ ಬರ ನಿಮ್ಮ ಜಿಲ್ಲೆಯನ್ನು ಹೇಗೆ ಅರೆಯಿತೆಂದು 
ಹಿರಿಯರಿಂದ ಕೇಳಿರುತ್ತೀರಿ. ಮೌಂಟ್ ಲೆಬನಾನ್ ಎಂಬ ಬೆಟ್ಟಸೀಮೆಗೂ ಅಂಥದೊಂದು ಬಂತು, ಮೊದಲ ಮಹಾಯುದ್ಧದ ಹೊತ್ತಿನಲ್ಲಿ, 1915ರಿಂದ 1918ರವರೆಗೆ. ಸಮುದ್ರದಲ್ಲಿ ಮಿತ್ರಪಕ್ಷಗಳ ದಿಗ್ಬಂಧನ, ನೆಲದ ಮೇಲೆ ತುರ್ಕಿ ಸೇನೆ ದವಸಕ್ಕೆ ಹಾಕಿದ ಕಟ್ಟು, 1915ರ ವಸಂತದಲ್ಲಿ ಮುತ್ತಿದ ಮಿಡತೆ. ಸುಮಾರು ಎರಡು ಲಕ್ಷ ಜನ ಸತ್ತರು. ಅಲ್ಲಿನ ಜನಸಂಖ್ಯೆಯ ಮೂರನೆಯ ಒಂದು ಪಾಲಿಗೂ ಕಡಿಮೆಯಿಲ್ಲ. ಅಬೂನಾರ ತಾಯಿಯ ತವರು ಆ ಬೆಟ್ಟದಲ್ಲಿತ್ತು. ಅಲ್ಲಿನ ಇಗರ್ಜಿಯ ಮರಣದ ದಾಖಲೆ ಪುಸ್ತಕದಲ್ಲಿ ಒಂದು ಪುಟದ ನಂತರ ಬರವಣಿಗೆಯೇ ನಿಂತಿದೆಯಂತೆ. ಬರೆಯುತ್ತಿದ್ದ ಪಾದ್ರಿಯೂ ಹಸಿವಿನಿಂದ ಸತ್ತಿದ್ದರು. ಹೆಸರು ಬರೆಯುವವನು ಇಲ್ಲವಾದ ಮೇಲೆ ಸತ್ತವರು ಯಾರೆಂದು ಯಾರಿಗೂ ತಿಳಿಯದೆ ಹೋಯಿತು ಎಂದು ಹೇಳುವಾಗ ಅವರು ಆ ನೋಟುಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಸವರುತ್ತಿದ್ದರು.

ಪ್ರಶ್ನೆ: ನಮ್ಮ ಅಜ್ಜ ಅಜ್ಜಿ ಪೂರ್ವ ಬಂಗಾಳ ಬಿಟ್ಟು ಉಟ್ಟ ಬಟ್ಟೆಯಲ್ಲಿ ಬಂದವರು. ಊರು ಬಿಡದವರನ್ನೇ ಧೈರ್ಯವಂತರು ಎಂದರೆ ಬಿಟ್ಟು ಬಂದವರು ಹೇಡಿಗಳೇ?
— ಅಂಗನವಾಡಿ ಕಾರ್ಯಕರ್ತೆ, ಆರ್.ಎಚ್. ಕ್ಯಾಂಪ್, ಸಿಂಧನೂರು ತಾಲ್ಲೂಕು

ಅಲ್ಲ ತಂಗಿ, ಖಂಡಿತ ಅಲ್ಲ. ನನ್ನ ಎರಡು ಸಾಲಿನ ಉತ್ತರ ನಿಮ್ಮ ಮನಸ್ಸಿಗೆ ಹಾಗೆ ತಾಗಿದ್ದರೆ ತಪ್ಪು ನನ್ನದು. ಕ್ಷಮಿಸಿ.

ಆಗಸ್ಟ್ 10ರಂದು ಇಸ್ರೇಲಿ ಸೇನೆ ಪಕ್ಕದ ಮರ್ಜಾಯೂನ್ ಪಟ್ಟಣಕ್ಕೆ ನುಗ್ಗಿತು. ಮರುದಿನ ಆ ಸೀಮೆಯ ಸುಮಾರು ಮೂರು ಸಾವಿರ ಜನ ನೂರಾರು ವಾಹನಗಳಲ್ಲಿ ಉತ್ತರಕ್ಕೆ ಹೊರಟರು. ನಮ್ಮ ಹಳ್ಳಿಯಿಂದಲೂ ಕಾರುಗಳು ಹೋದವು. ಅವುಗಳಿಗೆ ಜನರನ್ನು ಹತ್ತಿಸಿದವರು ಸ್ವತಃ ಅಬೂನಾ. ಬಸುರಿಯರು, ಎಳೆಮಕ್ಕಳು, ಶಾಲೆಯಲ್ಲಿದ್ದ ಶಿಯಾ ಕುಟುಂಬಗಳು. ಹೋಗುವುದಿಲ್ಲ ಎಂದು ಅತ್ತ ತಮ್ಮ ಸೊಸೆಯನ್ನು ರೆಟ್ಟೆ ಹಿಡಿದು ಕೂರಿಸಿದರು. ಉಳಿದವರು ಮೂವತ್ತೊಂದು ಜನ; ಹಾಸಿಗೆ ಬಿಟ್ಟು ಏಳಲಾರದವರು ಮತ್ತು ಅವರನ್ನು ಬಿಡಲಾರದವರು.

ಆ ರಾತ್ರಿ ಬೆಕಾ ಕಣಿವೆಯ ಕೆಫ್ರಾಯಾ ಬಳಿ ಆ ವಾಹನಗಳ ಸಾಲಿನ ಮೇಲೆ ಡ್ರೋನ್‌ಗಳಿಂದ ದಾಳಿಯಾಯಿತು. ಕನಿಷ್ಠ ಆರು ಜನ ಸತ್ತರು, ಹಲವರು ಗಾಯಗೊಂಡರು. ಸುದ್ದಿ ರೇಡಿಯೋದಲ್ಲಿ ಬಂತು, ಹೆಸರುಗಳು ಬರಲಿಲ್ಲ. ಫೋನು ಸತ್ತಿತ್ತು. ತಾನೇ ಕಾರು ಹತ್ತಿಸಿದವರು ಬದುಕಿದ್ದಾರೋ ಇಲ್ಲವೋ ಎಂದು ತಿಳಿಯದೆ ಆ ಮನುಷ್ಯ ಮೂರು ದಿನ ಕಳೆದರು. ನಮ್ಮ ಹಳ್ಳಿಯವರೆಲ್ಲ ಬದುಕಿದ್ದರು. ಆದರೆ ಆ ಮೂರು ದಿನಗಳಲ್ಲಿ ಅವರ ಗಡ್ಡ ಬೆಳ್ಳಗಾಯಿತು ಎಂದು ಖೂರಿಯ ಹೆಂಡತಿ ನನಗೆ ಹೇಳಿದರು. ಹೋದವರ ಹೆಸರಿನ ಮುಂದೆ ಅವರು ಗೀಟೂ ಹಾಕಿರಲಿಲ್ಲ, ಹೊಡೆದೂ ಹಾಕಿರಲಿಲ್ಲ. ಆ ಚೌಕವನ್ನು ಖಾಲಿ ಬಿಟ್ಟಿದ್ದರು.

ಹೊರಟವರು ಮನೆಯ ಬೀಗದ ಕೈಗಳನ್ನು ಅವರಿಗೇ ಕೊಟ್ಟು ಹೋಗಿದ್ದರು. ಒಂದು ತಂತಿಗೆ ಪೋಣಿಸಿ, ಒಂದೊಂದಕ್ಕೂ ರಟ್ಟಿನ ಚೀಟಿ ಕಟ್ಟಿ, ಪವಿತ್ರ ಪಾತ್ರೆಗಳನ್ನು ಇಡುವ ಕಪಾಟಿನಲ್ಲಿ ಜೋಪಾನ ಮಾಡಿದ್ದರು. ಆ ಗೊಂಚಲಿನಲ್ಲಿ ಐದಾರು ಕೈಗಳಿಗೆ ತುಕ್ಕು ಹಿಡಿದಿತ್ತು. ಇವು ಯಾರವು ಎಂದು ಕೇಳಿದೆ. 2000ದ ಮೇ ತಿಂಗಳಲ್ಲಿ ಇಸ್ರೇಲ್ ತಾನು ಹಿಡಿದಿಟ್ಟುಕೊಂಡಿದ್ದ ಆ ಗಡಿಪಟ್ಟಿಯನ್ನು ಬಿಟ್ಟು ಹೋದಾಗ, ಅದರ ಜೊತೆಗಿದ್ದ ಸ್ಥಳೀಯ ಪಡೆಯವರ ಸಾವಿರಾರು ಕುಟುಂಬಸ್ಥರು ಹೆದರಿ ಗಡಿ ದಾಟಿದ್ದರು. ಅವರ ಮನೆಗಳ ಕೈಗಳು ಅವು. ಹಲವರಿಗೆ ಮರಳುವ ದಾರಿಯೇ ಇರಲಿಲ್ಲ. ಅವರು ಮಾಡಿದ್ದು ಸರಿಯೋ ತಪ್ಪೋ ಎಂದು ಊರಿನಲ್ಲಿ ಜಗಳಗಳೇ ಆಗಿದ್ದವು. ಅಬೂನಾ ಆ ಕೈಗಳಿಗೂ ವರ್ಷಕ್ಕೊಮ್ಮೆ ಆಲಿವ್ ಎಣ್ಣೆ ಹಚ್ಚುತ್ತಿದ್ದರು.

ನಿಮ್ಮ ಅಜ್ಜಿ ಬದುಕಿದ್ದರೆ, ಅವರು ಬಿಟ್ಟುಬಂದ ಮನೆಯ ಕೈ ಯಾರ ಬಳಿ ಉಳಿಯಿತು ಎಂದು ಒಮ್ಮೆ ಕೇಳಿ ನೋಡಿ. ಅವರ ಉತ್ತರವನ್ನು ನನಗೆ ಬರೆದು ಕಳುಹಿಸಿ.

ಪ್ರಶ್ನೆ: ಯುದ್ಧ ನಿಂತ ದಿನ ಹೇಗಿತ್ತು? ಆ ಪಾದ್ರಿ ಈಗ ಎಲ್ಲಿದ್ದಾರೆ?
— ಹಲವು ಓದುಗರು. ಸಿರುಗುಪ್ಪ, ಮಾನ್ವಿ, ಯಲಬುರ್ಗಾ

ಆಗಸ್ಟ್ 14ರ ಬೆಳಿಗ್ಗೆ ಎಂಟಕ್ಕೆ ಕದನವಿರಾಮ. ಮರುದಿನ ಆಗಸ್ಟ್ 15. ನಮಗೆ ಸ್ವಾತಂತ್ರ್ಯ ದಿನ, ಅವರಿಗೆ ಮರಿಯಮ್ಮ ಸ್ವರ್ಗಕ್ಕೇರಿದ ಹಬ್ಬ. ಠಾಣೆಯಲ್ಲಿ ಧ್ವಜ ಹಾರಿಸಿ ಜನಗಣಮನ ಮುಗಿಸುವ ಹೊತ್ತಿಗೆ ದಿಬ್ಬದ ಆಚೆಯಿಂದ ಗಂಟೆ ಕೇಳಿಸಿತು. ಈ ಸಲ ಮೂರು ಏಟಿಗೆ ನಿಲ್ಲಲಿಲ್ಲ. ಅಡುಗೆಯವರು ಕಟ್ಟಿದ ಬೂಂದಿ ಲಾಡುಗಳ ಡಬ್ಬಿ ಹಿಡಿದು ಮಧ್ಯಾಹ್ನ ಹೋದೆವು. ಕಾರುಗಳು ಒಂದೊಂದಾಗಿ ಮರಳುತ್ತಿದ್ದವು. ಅಬೂನಾ ಇಗರ್ಜಿಯ ಕಟ್ಟೆಯ ಮೇಲೆ ಪುಸ್ತಕ ಬಿಚ್ಚಿಟ್ಟುಕೊಂಡು, ಇಳಿದವರ ಮುಖ ನೋಡಿ, ಖಾಲಿ ಬಿಟ್ಟ ಚೌಕಗಳಿಗೆ ಗೀಟು ಹಾಕುತ್ತ ಬೀಗದ ಕೈ ತಿರುಗಿ ಕೊಡುತ್ತಿದ್ದರು.

ಅವರು ತೀರಿಕೊಂಡು ಕೆಲವು ವರ್ಷಗಳಾದವು. ಮಗ ಪಾದ್ರಿಯಾಗಲಿಲ್ಲ, ಎಲೆಕ್ಟ್ರಿಷಿಯನ್. 2023ರ ಅಕ್ಟೋಬರಿನಲ್ಲಿ ಗಡಿಯಲ್ಲಿ ಮತ್ತೆ ಗುಂಡು ಶುರುವಾಗಿ 2024ರ ನವೆಂಬರ್ 27ರ ಕದನವಿರಾಮದ ತನಕ ನಡೆದಾಗ ನಾನು ದಿನವೂ ಅವನಿಗೆ ಮೊಬೈಲಿನಲ್ಲಿ ಸಂದೇಶ ಕಳುಹಿಸುತ್ತಿದ್ದೆ. ಒಂದೇ ಪದದ ಉತ್ತರ ಬರುತ್ತಿತ್ತು: ‘ಬಾಕಿ’.

ಪ್ರಶ್ನೆ: ನನ್ನ ತಂದೆ ಕೃಷ್ಣಾ ನದಿಯ ನಡುಗಡ್ಡೆಯ ಗುಡಿಯ ಪೂಜಾರಿ. ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟಾಗಲೆಲ್ಲ ಸಂಪರ್ಕ ಕಡಿಯುತ್ತದೆ. ಅಧಿಕಾರಿಗಳು ಕರೆದರೂ ಬರುವುದಿಲ್ಲ. ನಿಮ್ಮ ಪಾದ್ರಿಯ ಕತೆ ಓದಿದ ಮೇಲೆ, ‘ನೋಡು, ನಾನೂ ಹಾಗೇ’ ಎನ್ನುತ್ತಿದ್ದಾರೆ. ನಾನೇನು ಮಾಡಲಿ ಅಣ್ಣ?
— ಬಸ್ ನಿರ್ವಾಹಕ, ಲಿಂಗಸುಗೂರು ತಾಲ್ಲೂಕು

ತಮ್ಮ, ಶೀಲಹಳ್ಳಿ ಸೇತುವೆ ಮುಳುಗಿ, ಆಚೆ ದಡದಲ್ಲಿ ಜನ ಕೈಬೀಸುತ್ತ ನಿಂತಿದ್ದುದನ್ನು 2019ರ ಆಗಸ್ಟ್ ನೆರೆಯಲ್ಲಿ ನಾನೂ ಕಂಡಿದ್ದೇನೆ. ನಿಮ್ಮ ಸಂಕಟ ಅರ್ಥವಾಗುತ್ತದೆ. ನನ್ನ ಎರಡು ಸಾಲು ನಿಮ್ಮ ಮನೆಯಲ್ಲಿ ಇಂಥ ಕೆಲಸ ಮಾಡೀತು ಎಂದು ನಾನು ಅಂದುಕೊಂಡಿರಲಿಲ್ಲ.

ತಂದೆಯವರ ಜೊತೆ ವಾದಕ್ಕೆ ನಿಲ್ಲಬೇಡಿ. ಗುಡಿ, ದೇವರು, ನೇಮದ ಮಾತು ತೆಗೆದರೆ ಅವರು ಸೋಲುವವರಲ್ಲ, ಸೋಲಬೇಕಾಗಿಯೂ ಇಲ್ಲ. ಒಂದೇ ಒಂದು ಕೇಳಿ: ‘ಅಪ್ಪಾ, ಹೊಳೆ ಬಂದಾಗ ಗಡ್ಡೆಯಲ್ಲಿ ನಿನ್ನ ಜೊತೆ ಯಾರು ಯಾರು ಇರುತ್ತಾರೆ?’ ನಾಲ್ಕು ಮನೆಯವರು ದನಕರು ಬಿಟ್ಟು ಬರಲಾಗದೆ ಉಳಿಯುತ್ತಾರೆ, ಅದರಲ್ಲಿ ಒಬ್ಬ ಮುದುಕಿಗೆ ಕಣ್ಣು ಕಾಣುವುದಿಲ್ಲ, ಅವರಿಗೆಲ್ಲ ನಾನೇ ದಿಕ್ಕು ಎಂದು ಹೆಸರು ಹಿಡಿದು ಹೇಳಿದರೆ, ಅವರು ಉಳಿಯುವುದಕ್ಕೆ ಕಾರಣವಿದೆ. ಆಗ ನೀವು ಮಾಡಬೇಕಾದದ್ದು ಅವರ ಕೈಗೆ ಸಾಮಾನು ಒದಗಿಸುವುದು. ಒಂದು ತಿಂಗಳ ಬಿ.ಪಿ. ಗುಳಿಗೆ, ಓ.ಆರ್.ಎಸ್. ಪೊಟ್ಟಣ, ಬ್ಯಾಟರಿ, ಚಾರ್ಜ್ ಮಾಡಿದ ಪವರ್ ಬ್ಯಾಂಕು, ಹಾವು ಕಚ್ಚಿದರೆ ಯಾರಿಗೆ ಫೋನು ಮಾಡಬೇಕೆಂಬ ಸಂಖ್ಯೆ. ದಿನಕ್ಕೊಂದು ಗೊತ್ತಾದ ಹೊತ್ತಿನಲ್ಲಿ ಅವರು ಗುಡಿಯ ಗಂಟೆ ಬಾರಿಸಲಿ. ದಡದ ಈಚೆಗೆ ಕೇಳುವಂತಿದ್ದರೆ ನೀವೋ ನಿಮ್ಮವರೋ ಅಲ್ಲಿ ನಿಂತು ಕೇಳಿಸಿಕೊಳ್ಳಿ. ಎಲ್ಲರೂ ದೋಣಿ ಹತ್ತಿದ ದಿನ ಅವರೂ ಕೊನೆಯವರಾಗಿ ಹತ್ತಬೇಕು ಎಂಬ ಒಂದು ಮಾತನ್ನು ಈಗಲೇ ತೆಗೆದುಕೊಳ್ಳಿ.

ಯಾರೂ ಇರುವುದಿಲ್ಲ, ನಾನೊಬ್ಬನೇ ಎಂದರೆ, ನೀರು ಏರುವ ಮೊದಲೇ ಕರೆದುಕೊಂಡು ಬನ್ನಿ. ಅತ್ತರೂ ಬೈದರೂ ಕರೆದುಕೊಂಡು ಬನ್ನಿ. ಅಬೂನಾ ತಮ್ಮ ಸೊಸೆಯ ರೆಟ್ಟೆ ಹಿಡಿದದ್ದನ್ನು ಅವರಿಗೆ ಓದಿ ಹೇಳಿ. ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ ಅಬೂನಾ ಅಲ್ಲಿ ಒಂದು ದಿನವೂ ನಿಲ್ಲುತ್ತಿರಲಿಲ್ಲ. ಅವರ ಪಕ್ಕದಲ್ಲಿ ಕುಳಿತಿದ್ದವನು ನಾನು, ಇದನ್ನು ಖಚಿತವಾಗಿ ಹೇಳಬಲ್ಲೆ.

ಮುಂದಿನ ಸಲ ಗಡ್ಡೆಗೆ ಹೋಗುವಾಗ ಒಂದು ಇನ್ನೂರು ಪುಟದ ನೋಟುಬುಕ್ಕು ಒಯ್ಯಿರಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ಅದಕ್ಕೆ ದಾರ ಕಟ್ಟಿ ಪೆನ್ಸಿಲ್ಲನ್ನೇ ಕೊಡಿ. ಪೆನ್ನಿನ ಶಾಯಿ ನೀರು ತಾಗಿದರೆ ಹರಡಿಹೋಗುತ್ತದೆ.